ನಲ್ಲಿಯಿಂದ ಬಕೆಟ್‌ವರೆಗಿನ ದಾರಿ

ನೆರೆ ಸಂತ್ರಸ್ತರ ಶಿಬಿರಗಳಲ್ಲಿ ಕುಡಿಯುವ ನೀರಿನ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಜೇಬಿನಲ್ಲಿ ಸದಾ ಬೆರಳುದ್ದದ ಪರೀಕ್ಷಾ ನಳಿಕೆಯೊಂದು ಇರುತ್ತದೆ. ನೀರು ತುಂಬಿ, ಪುಟ್ಟ ಮಾತ್ರೆ ಹಾಕಿ ಅಲುಗಾಡಿಸಿದರೆ ಗುಲಾಬಿ ಬಣ್ಣ ಬರಬೇಕು. ಬಂದರೆ ಕ್ಲೋರಿನ್ ಉಳಿದಿದೆ ಎಂದರ್ಥ. ನಲ್ಲಿಯ ಬಳಿ ಚೆನ್ನಾಗಿ ಬಣ್ಣ ಹಿಡಿದ ನೀರು, ಸಂಜೆ ಡೇರೆಯೊಳಗಿನ ಬಕೆಟ್‌ನಲ್ಲಿ ಬಣ್ಣವೇ ಹಿಡಿಯದಿರುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ವಿದೇಶಿ ನೆರವು ಎಂದರೆ ವಿಮಾನದಿಂದ ಇಳಿಯುವ ಮೂಟೆಗಳೇ ಕಣ್ಣ ಮುಂದೆ ಬರುತ್ತವೆ. ಆದರೆ 2019ರ ಮಾರ್ಚ್‌ನಲ್ಲಿ ಇಡಾಯ್ ಚಂಡಮಾರುತ ಮೊಜಾಂಬಿಕ್‌ನ ಬೈರಾ ನಗರವನ್ನು ಹೊಡೆದು, ಬುಜಿ ಮತ್ತು ಪುಂಗ್ವೆ ನದಿಗಳು ಬಯಲನ್ನೆಲ್ಲ ಮುಳುಗಿಸಿದಾಗ ನಡೆದದ್ದನ್ನು ನೋಡಿ. ಮೊದಲು ತಲುಪಿದವರಲ್ಲಿ ನಮ್ಮ ನೌಕಾಪಡೆಯ ಸುಜಾತಾ, ಶಾರ್ದೂಲ್ ಹಡಗುಗಳೂ ಇದ್ದವು. ಮಾರ್ಚ್ 27ರಂದು ಕಾಲರಾ ದೃಢಪಟ್ಟಿತು. ಏಪ್ರಿಲ್ 3ಕ್ಕೆ ಲಸಿಕೆ ಹಾಕುವುದು ಶುರುವಾಯಿತು. ಒಂದು ವಾರದೊಳಗೆ 8 ಲಕ್ಷಕ್ಕೂ ಹೆಚ್ಚು ಜನರಿಗೆ ಲಸಿಕೆ ಸಿಕ್ಕಿತು. ಅಷ್ಟು ಬೇಗ ಅದು ಸಾಧ್ಯವಾದದ್ದು, 2013ರಿಂದಲೇ ತುರ್ತಿಗೆಂದು ಕಾಲರಾ ಲಸಿಕೆಯ ಜಾಗತಿಕ ದಾಸ್ತಾನು ಸಿದ್ಧವಿದ್ದುದರಿಂದ. ನೀರು ನುಗ್ಗಿದ ಮೇಲೆ ಹಣ ಕೂಡಿಸಿ, ತಯಾರಿಸಿ ಕಳುಹಿಸುವ ವಸ್ತು ಅದಲ್ಲ.

ಆದರೂ ಒಂದೇ ಡೋಸ್ ಲಸಿಕೆ ಕೊಡುವುದು ಒಂದಿಷ್ಟು ಕಾಲಾವಕಾಶವನ್ನು ಮಾತ್ರ. ಅಷ್ಟರಲ್ಲಿ ನೀರು ಶುದ್ಧವಾಗಬೇಕು. ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್, ಒಂದು ನಲ್ಲಿಗೆ ಹೆಚ್ಚೆಂದರೆ 250 ಜನ. ರಾಡಿ ನೀರಿಗೆ ನೇರವಾಗಿ ಕ್ಲೋರಿನ್ ಸುರಿದರೆ ಕೆಸರೇ ಅದನ್ನು ನುಂಗಿಬಿಡುತ್ತದೆ. ಮೊದಲು ಪಟಿಕ ಹಾಕಿ ಕೆಸರು ತಳಕ್ಕಿಳಿಯಲು ಬಿಟ್ಟು, ತಿಳಿನೀರಿಗೆ ಕ್ಲೋರಿನ್ ಬೆರೆಸಿ, ಅರ್ಧ ಗಂಟೆ ಕಾಯಬೇಕು. ನೀರಿಗಾಗಿ ಕಾದು ನಿಂತ ತಾಯಂದಿರ ಎದುರು ಆ ಅರ್ಧ ಗಂಟೆ ಬಹಳ ಉದ್ದ.

ಇಷ್ಟೆಲ್ಲ ಮಾಡಿದ ನೀರು ಕೆಡುವುದು ಡೇರೆಯೊಳಗೆ. ಬಾಯಗಲದ ಬಕೆಟ್, ಮುಚ್ಚಳವಿಲ್ಲ. ಮಗು ಲೋಟದ ಜೊತೆ ಕೈಯನ್ನೂ ಅದ್ದುತ್ತದೆ. ತಾಯಿಯನ್ನು ದೂರಿ ಏನು ಫಲ? ಅವಳಿಗೆ ಸಿಕ್ಕಿದ್ದೇ ಆ ಬಕೆಟ್. ಬೇಕಾದದ್ದು ಕಿರಿದಾದ ಬಾಯಿಯ, ಮುಚ್ಚಳವಿರುವ ಕ್ಯಾನ್. ಯಾರೂ ಕೇಳದ ಹಳೆಯ ಬಟ್ಟೆಯ ಗಂಟುಗಳನ್ನು ವಿಂಗಡಿಸಲು ಕೈಗಳು ಸಾಲದೆ, ಅವು ಗೋದಾಮಿನ ಜಾಗವನ್ನೆಲ್ಲ ತುಂಬುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ನೆರವು ನೀಡಿದವರಿಗೆ ಹೋಗುವ ವರದಿಯಲ್ಲಿ ಎಷ್ಟು ಲಕ್ಷ ಲೀಟರ್ ಹಂಚಲಾಯಿತು ಎಂಬ ಸಾಲು ತಪ್ಪದೆ ಇರುತ್ತದೆ. ನಾನು ಇನ್ನೊಂದು ಸಾಲನ್ನೂ ಸೇರಿಸುತ್ತೇನೆ: ಡೇರೆಗಳ ಒಳಗೆ ಪರೀಕ್ಷಿಸಿದ ಪಾತ್ರೆಗಳಲ್ಲಿ ಎಷ್ಟರ ನೀರು ಗುಲಾಬಿಗೆ ತಿರುಗಿತು ಎಂದು.