ಅರ್ಧಕ್ಕೆ ನಿಂತ ಅಪ್‌ಡೇಟ್

ಜುಲೈ ತಿಂಗಳಲ್ಲಿ ಚಿಕ್ಕಮಗಳೂರಿನಲ್ಲಿ ಕೂತು ಬಯೋಸ್ ಅಪ್‌ಡೇಟ್ ಮಾಡುವುದು ದಡ್ಡತನ. ಅದು ನನಗೆ ಗೊತ್ತಿತ್ತು. ಆದರೂ ಕೂತೆ. ಬಯೋಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಎಲ್ಲಕ್ಕಿಂತ ಮೊದಲು ಓಡುವ, ಮದರ್‌ಬೋರ್ಡಿನಲ್ಲೇ ಕೂತಿರುವ ಪ್ರೋಗ್ರಾಮ್.

ಬೆಂಗಳೂರಿನಿಂದ ಬಂದಿದ್ದ ಅಕ್ಕನ ಮಗ ತಾನು ಬಳಸಿ ಬಿಟ್ಟ ಪ್ರೊಸೆಸರ್ ಒಂದನ್ನು ಕೊಟ್ಟು ಹೋಗಿದ್ದ. ಅವನಿಗೆ ಹಳೆಯದು, ನನಗೆ ಒಂದು ತಲೆಮಾರು ಹೊಸದು. "ಮೊದಲು ಬಯೋಸ್ ಅಪ್‌ಡೇಟ್ ಮಾಡ್ಕೊಳ್ಳಿ ಮಾಮ, ಇಲ್ಲಾಂದ್ರೆ ಬೋರ್ಡಿಗೆ ಇದರ ಗುರುತೇ ಸಿಗಲ್ಲ" ಅಂದಿದ್ದ. ಪೆನ್‌ಡ್ರೈವಿಗೆ ಫೈಲ್ ಹಾಕಿ ಶುರು ಮಾಡಿದೆ. ಪರದೆಯ ಮೇಲಿನ ಪಟ್ಟಿ ಶೇಕಡಾ 60 ದಾಟಿತ್ತು. ಮುಳ್ಳಯ್ಯನಗಿರಿ ಕಡೆಯಿಂದ ಜೋರು ಗಾಳಿ ಬಂತು, ಕರೆಂಟ್ ಹೋಯಿತು. ಮೂಲೆಯಲ್ಲಿದ್ದ ಇನ್ವರ್ಟರ್ ಟಕ್ ಅಂದಿತು. ಟ್ಯೂಬ್‌ಲೈಟ್ ಒಮ್ಮೆ ಮಿಟುಕಿ ಮತ್ತೆ ಹತ್ತಿತು. ಕಂಪ್ಯೂಟರ್ ಆಫ್ ಆಗಿ, ತಾನಾಗಿಯೇ ಆನ್ ಆಯಿತು. ಫ್ಯಾನ್ ತಿರುಗುತ್ತಿದೆ. ಪರದೆ ಕಪ್ಪು.

ಇನ್ವರ್ಟರ್ ಇದ್ದೂ ಹೀಗೇಕಾಯಿತು ಅನ್ನುವುದು ನನಗೆ ಆಮೇಲೆ ತಿಳಿದದ್ದು. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಅಂದರೆ ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಕಂಪ್ಯೂಟರಿಗೆ ಕರೆಂಟ್ ಹದಮಾಡಿ ಕೊಡುವ ಡಬ್ಬಿ, ಅಂದರೆ ಎಸ್‌ಎಂಪಿಎಸ್, ಅದರೊಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ದಪ್ಪ ಕೆಪಾಸಿಟರು ಪೂರ್ತಿ ಲೋಡ್ ಇದ್ದಾಗ ಸುಮಾರು 16 ಮಿಲಿಸೆಕೆಂಡ್ ಮಾತ್ರ ತಡೆದುಕೊಳ್ಳುತ್ತದೆ. ಒಂದು ಸುತ್ತೂ ಇಲ್ಲ! ಎಷ್ಟೋ ಮನೆ ಇನ್ವರ್ಟರುಗಳಲ್ಲಿ ಒಂದು ಪುಟ್ಟ ಸ್ವಿಚ್ ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್. ನಾರ್ಮಲ್‌ನಲ್ಲಿದ್ದರೆ ಬ್ಯಾಟರಿಗೆ ಬದಲಾಗಲು ಸ್ವಲ್ಪ ಜಾಸ್ತಿ ಸಮಯ ಹಿಡಿಯುತ್ತದೆ. ಬಲ್ಬಿಗೆ, ಫ್ಯಾನಿಗೆ ಅದು ಲೆಕ್ಕಕ್ಕಿಲ್ಲ. ಕಂಪ್ಯೂಟರಿಗೆ ಅಷ್ಟು ಸಾಕು. ನಮ್ಮದು ತಂದ ದಿನದಿಂದ ನಾರ್ಮಲ್‌ನಲ್ಲೇ ಇತ್ತು. ಸ್ವಿಚ್ಚಿನ ಮೇಲೆ ಜೇಡರ ಬಲೆ ಬೇರೆ.

ಕಪ್ಪು ಪರದೆ ನೋಡಿದ ಕೂಡಲೇ ಪವರ್ ಬಟನ್ ಒತ್ತಿ ಒತ್ತಿ ಬಿಡುವ ಚಪಲ ಬರುತ್ತದೆ ಅಲ್ವಾ? ತಡೆದುಕೊಳ್ಳಬೇಕು. ಅಪ್‌ಡೇಟ್ ಸರಿಯಾಗಿಯೇ ಮುಗಿದಿದ್ದರೂ ಪರದೆ ಕೆಲವೊಮ್ಮೆ ಕಪ್ಪಾಗಿಯೇ ಇರುತ್ತದೆ. ಬೋರ್ಡು ಆಗ ರ‍್ಯಾಮ್ ಜೊತೆ ಯಾವ ವೇಗದಲ್ಲಿ, ಎಷ್ಟು ಅಂತರ ಕೊಟ್ಟು ಮಾತಾಡಬೇಕು ಎಂದು ಹೊಸದಾಗಿ ಅಳೆದು ನೋಡುತ್ತಿರುತ್ತದೆ. ಡಿಡಿಆರ್5 ರ‍್ಯಾಮ್ ಇರುವ ಬೋರ್ಡುಗಳಲ್ಲಿ ಇದಕ್ಕೆ ಹಲವು ನಿಮಿಷ ಹಿಡಿಯುವುದುಂಟು. ಆ ಹೊತ್ತಿನಲ್ಲಿ ಗಾಬರಿಯಿಂದ ಆಫ್ ಮಾಡಿ ಆನ್ ಮಾಡಿದರೆ ಅಳತೆ ಮತ್ತೆ ಮೊದಲಿನಿಂದ. ನಾನು ಕಾಲು ಗಂಟೆ ಸುಮ್ನೆ ಕೂತೆ. ಆಮೇಲೆ ಕೀಬೋರ್ಡಿನ ನಮ್‌ಲಾಕ್ ಒತ್ತಿದೆ. ಅದರ ಪುಟ್ಟ ದೀಪ ಹತ್ತಿ ಆರಿದರೆ ಒಳಗೆ ಯಾರೋ ಎಚ್ಚರವಾಗಿದ್ದಾರೆ ಎಂದು ಅರ್ಥ. ಹತ್ತಲಿಲ್ಲ.

ಮುಂದೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಪ್ಲಗ್ ಕಿತ್ತು, ಬೋರ್ಡಿನ ಮೇಲಿನ ಬಿಲ್ಲೆ ಬ್ಯಾಟರಿ ತೆಗೆದು, ಐದು ನಿಮಿಷ ಬಿಟ್ಟು ಹಾಕಿದೆ. ಸಿಆರ್2032 ಎನ್ನುವ 3 ವೋಲ್ಟಿನ ಬಿಲ್ಲೆ ಅದು. ಏನೂ ಆಗಲಿಲ್ಲ. ಆಗುವಂತೆಯೂ ಇರಲಿಲ್ಲ. ಆ ಬಿಲ್ಲೆ ಕಾಯುವುದು ಗಡಿಯಾರವನ್ನು ಮತ್ತು ಒಂದಷ್ಟು ಸೆಟ್ಟಿಂಗುಗಳನ್ನು. ಸೆಟ್ಟಿಂಗ್ ಕೆಟ್ಟು ನಿಂತ ಬೋರ್ಡು ಅದನ್ನು ತೆಗೆದು ಹಾಕಿದರೆ ಎದ್ದು ಕೂರುತ್ತದೆ. ಬಯೋಸ್ ಕೋಡ್ ಇರುವ ಜಾಗವೇ ಬೇರೆ. ಅದಕ್ಕೆ ಬ್ಯಾಟರಿಯ ಹಂಗಿಲ್ಲ, ಕರೆಂಟ್ ಇಲ್ಲದೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ.

ಆ ಜಾಗ ಎಂಟು ಕಾಲಿನ ಒಂದು ಫ್ಲ್ಯಾಶ್ ಚಿಪ್. ಕಿರುಬೆರಳಿನ ಉಗುರಿಗಿಂತ ಚಿಕ್ಕದು. ನನ್ನ ಬೋರ್ಡಿನಲ್ಲಿ ಇರುವುದು 16 ಎಂಬಿಯದು. ಅದರಲ್ಲಿ ಬರೆಯುವ ರೀತಿ ವಿಚಿತ್ರ. ಒಂದು ಅಕ್ಷರವನ್ನಷ್ಟೇ ಅಳಿಸಿ ತಿದ್ದಲು ಬರುವುದಿಲ್ಲ. ಕಡಿಮೆ ಅಂದರೂ 4 ಕೆಬಿಯ ಒಂದು ತುಂಡನ್ನು ಇಡಿಯಾಗಿ ಒರೆಸಬೇಕು. ಒರೆಸಿದಾಗ ಅಲ್ಲಿರುವ ಎಲ್ಲ ಬಿಟ್‌ಗಳೂ 1 ಆಗುತ್ತವೆ. ಆಮೇಲೆ ಬೇಕಾದ ಕಡೆ 1 ಅನ್ನು 0 ಮಾಡುತ್ತಾ ಹೋಗುವುದೇ ಬರವಣಿಗೆ. 0 ಅನ್ನು ವಾಪಸ್ 1 ಮಾಡಬೇಕಾದರೆ ಮತ್ತೆ ಇಡೀ ತುಂಡು ಒರೆಸಬೇಕು. ಒರೆಸಿದ ಮೇಲೆ, ಬರೆಯುವ ಮೊದಲು ಕರೆಂಟ್ ಹೋದರೆ? ಉಳಿಯುವುದು ಬರೀ ಒಂದುಗಳು.

ಇತ್ತ ಪ್ರೊಸೆಸರಿನ ಕಥೆ ಕೇಳಿ. ಕರೆಂಟ್ ಸಿಕ್ಕ ಕ್ಷಣ ಅದಕ್ಕೆ ರ‍್ಯಾಮ್ ಗೊತ್ತಿಲ್ಲ, ಡಿಸ್ಕ್ ಗೊತ್ತಿಲ್ಲ, ಪರದೆ ಗೊತ್ತಿಲ್ಲ. ಗೊತ್ತಿರುವುದು ಒಂದೇ ಒಂದು ವಿಳಾಸ. ನನ್ನದರಂಥ ಇಂಟೆಲ್ ಪ್ರೊಸೆಸರಿಗಾದರೆ ಅದು 4 ಜಿಬಿ ಗಡಿಯಿಂದ ಸರಿಯಾಗಿ 16 ಬೈಟ್ ಕೆಳಗಿನ ಮನೆ. ಆ ವಿಳಾಸವನ್ನು ಬೋರ್ಡು ಫ್ಲ್ಯಾಶ್ ಚಿಪ್ಪಿನ ತುದಿಗೆ ಜೋಡಿಸಿರುತ್ತದೆ. 16 ಬೈಟಿನಲ್ಲಿ ಏನು ತಾನೇ ಹಿಡಿಸೀತು? "ಇಲ್ಲಿಂದ ಆ ಕಡೆ ಹಾರು" ಎಂಬ ಒಂದು ಆಜ್ಞೆ, ಅಷ್ಟೇ. ಅಲ್ಲಿಂದ ಕೋಡ್ ಒಂದೊಂದನ್ನೇ ಎಬ್ಬಿಸುತ್ತಾ ಹೋಗುತ್ತದೆ. ಪರದೆ ಏಳುವುದು ಬಹಳ ತಡವಾಗಿ. ಹಾಗಾಗಿ ಮೊದಲಲ್ಲೇ ಎಡವಿದ ಬೋರ್ಡು ನಮಗೆ ಏನನ್ನೂ ಬರೆದು ತೋರಿಸಲಾರದು. ಫ್ಯಾನ್ ತಿರುಗಲು ಬಯೋಸ್ ಬೇಕಿಲ್ಲ, 12 ವೋಲ್ಟ್ ಸಿಕ್ಕರೆ ಸಾಕು. ಅದರ ಸದ್ದು ಕೇಳಿ ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಬಯೋಸ್ ಎಂಬ ಹೆಸರು ಗ್ಯಾರಿ ಕಿಲ್ಡಾಲ್ ಬರೆದ ಸಿಪಿ/ಎಂ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್‌ನಿಂದ ಬಂದದ್ದು, 1975ರ ಸುಮಾರಿಗೆ. ಈಗಿನ ಬೋರ್ಡುಗಳಲ್ಲಿ ಇರುವುದು ಅದರ ಜಾಗಕ್ಕೆ ಬಂದ ಯುಇಎಫ್‌ಐ. ಆದರೆ ರಿಪೇರಿ ಅಂಗಡಿಯಲ್ಲಿ ಅದನ್ನು ಹಾಗೆ ಕರೆಯುವವರನ್ನು ನಾನಂತೂ ಕಂಡಿಲ್ಲ. ಹಿಂದೆ ಈ ಕೋಡ್ ಗಾಜಿನ ಕಿಟಕಿಯಿದ್ದ ಚಿಪ್ಪಿನಲ್ಲಿ ಇರುತ್ತಿತ್ತು. ಅಳಿಸಬೇಕೆಂದರೆ ಚಿಪ್ ಕಿತ್ತು ಅತಿನೇರಳೆ ದೀಪದ ಕೆಳಗೆ ಇಡಬೇಕು. ರಗಳೆ ಜಾಸ್ತಿ, ಆದರೆ ಅಪ್ಪಿತಪ್ಪಿಯೂ ಅಳಿಸಿಹೋಗುತ್ತಿರಲಿಲ್ಲ. ಫ್ಲ್ಯಾಶ್ ಬಂದ ಮೇಲೆ ಬೋರ್ಡಿನಲ್ಲಿ ಕೂತಲ್ಲೇ ಬರೆಯಬಹುದಾಯಿತು. ಬರೆಯಬಹುದಾದದ್ದನ್ನು ಕೆಡಿಸಲೂಬಹುದು. ತೈವಾನಿನಲ್ಲಿ ಹುಟ್ಟಿದ ಸಿಐಎಚ್ ಎಂಬ ವೈರಸ್ 1999ರ ಏಪ್ರಿಲ್ 26ರಂದು ಮಾಡಿದ್ದು ಇದನ್ನೇ. ಡಿಸ್ಕಿನ ಜೊತೆಗೆ ಬಯೋಸ್ ಚಿಪ್ಪಿನ ಮೇಲೂ ಕಸ ಬರೆಯಿತು. ಹಾಗೆ ಸಿಕ್ಕಿಬಿದ್ದ ಬೋರ್ಡುಗಳು ನನ್ನದರ ಹಾಗೆಯೇ ಕಪ್ಪಾಗಿ ಕೂತವು.

ಮೊದಲು ಹೋದ ಅಂಗಡಿಯಲ್ಲಿ "ಬೋರ್ಡ್ ಡೆಡ್ ಸರ್, ಹೊಸದು ಹಾಕ್ಸಿ" ಅಂದರು. ಐ.ಜಿ. ರಸ್ತೆಯ ಇನ್ನೊಂದು ಮಹಡಿ ಅಂಗಡಿಯ ಹುಡುಗ ಮಾತ್ರ ಬೋರ್ಡನ್ನು ದೀಪದ ಕೆಳಗೆ ಹಿಡಿದು ನೋಡಿದ. ಯುಎಸ್‌ಬಿ ತೂತುಗಳ ಪಕ್ಕ ಫ್ಲ್ಯಾಶ್‌ಬ್ಯಾಕ್ ಬಟನ್ ಇದೆಯಾ ಎಂದು ಹುಡುಕಿದ. ಅದಿದ್ದ ಬೋರ್ಡಿಗೆ ಪ್ರೊಸೆಸರ್ ಎಚ್ಚರವಾಗುವುದೇ ಬೇಡ. ಬೇರೊಂದು ಸಣ್ಣ ಚಿಪ್ ಪೆನ್‌ಡ್ರೈವಿನಿಂದ ಫೈಲ್ ಓದಿ ಬರೆದುಬಿಡುತ್ತದೆ. ಕೆಲವು ಬೋರ್ಡುಗಳಲ್ಲಿ ಬಯೋಸ್ ಚಿಪ್ಪೇ ಎರಡಿರುತ್ತವೆ. ಪಕ್ಕದ ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಕೇಂದ್ರವಿದೆಯಲ್ಲ, ಅವರು ನೋಡಿಕೊಳ್ಳುವ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ. ಅಲ್ಲಿಗೆ ಸ್ಕ್ರೂಡ್ರೈವರ್ ಹಿಡಿದು ಹೋಗುವಂತಿಲ್ಲ. ಉಪಗ್ರಹಗಳಲ್ಲಿ ಮುಖ್ಯವಾದುದಕ್ಕೆಲ್ಲ ಇನ್ನೊಂದು ಜೋಡಿ ಇಟ್ಟೇ ಕಳಿಸುವುದು ಅದಕ್ಕೇ. ನನ್ನದು ಅಗ್ಗದ ಬೋರ್ಡು. ಬಟನ್ನೂ ಇಲ್ಲ, ಜೋಡಿಯೂ ಇಲ್ಲ.

ಹುಡುಗ ಬ್ಯಾಟರಿ ತೆಗೆದ, ಎಸ್‌ಎಂಪಿಎಸ್ ವೈರುಗಳನ್ನೆಲ್ಲ ಕಿತ್ತ. ಬಟ್ಟೆ ಕ್ಲಿಪ್ಪಿನಂಥ ಒಂದು ಕ್ಲಿಪ್ಪನ್ನು ಚಿಪ್ಪಿನ ಎಂಟು ಕಾಲುಗಳಿಗೆ ಕಚ್ಚಿಸಿದ. ಚಿಪ್ಪಿನ ಮೂಲೆಯಲ್ಲಿ ಒಂದು ಚುಕ್ಕೆ ಇರುತ್ತದೆ, ಅದೇ ಒಂದನೇ ಕಾಲು. ಕೆಂಪು ವೈರು ಅಲ್ಲಿಗೇ ಬರಬೇಕು. ಅದಕ್ಕೂ ಮೊದಲು ಭೂತಗನ್ನಡಿ ಹಿಡಿದು ಚಿಪ್ಪಿನ ನಂಬರ್ ಓದಿದ್ದ. ಕೆಲವು ಚಿಪ್ಪುಗಳು 3.3 ವೋಲ್ಟಿನವು, ಕೆಲವು 1.8. ತಪ್ಪಿ ಜಾಸ್ತಿ ಕೊಟ್ಟರೆ ಆಗ ನಿಜವಾಗಿಯೂ ಸತ್ತುಹೋಗಬಹುದು.

ಚಿಪ್ಪಿನಲ್ಲಿ ಇದ್ದದ್ದನ್ನು ಆ ಕ್ಲಿಪ್ಪಿನ ಮೂಲಕ ಲ್ಯಾಪ್‌ಟಾಪಿಗೆ ಎರಡು ಸಲ ಓದಿಸಿದ. ಎರಡೂ ಬೇರೆ ಬೇರೆ ಬಂದವು. "ಕ್ಲಿಪ್ ಸರಿಯಾಗಿ ಕೂತಿಲ್ಲ ಸರ್" ಎಂದು ಒತ್ತಿ ಕೂರಿಸಿದ. ಮೂರನೆಯದೂ ನಾಲ್ಕನೆಯದೂ ಒಂದೇ ಆದವು. ಲ್ಯಾಪ್‌ಟಾಪಿನಲ್ಲಿ ಅದನ್ನು ಬಿಚ್ಚಿ ಕೊನೆಗೆ ಹೋದ. ಸಾಲುಗಟ್ಟಲೆ ಎಫ್‌ಎಫ್, ಎಫ್‌ಎಫ್, ಎಫ್‌ಎಫ್. ಎಂಟು ಬಿಟ್‌ಗಳೂ 1 ಇದ್ದರೆ ಹಾಗೆ ಕಾಣುತ್ತದೆ. ಬಯೋಸ್ ಭಾಗವನ್ನು ಪೂರ್ತಿ ಒರೆಸಿ, ಆಮೇಲೆ ಬರೆಯಲು ಹೊರಟಿತ್ತು ನನ್ನ ಬೋರ್ಡು. ಪ್ರೊಸೆಸರ್ ಮೊದಲು ಬಂದು ತಟ್ಟುವ ಆ ಕೊನೆಯ 16 ಬೈಟಿನ ಮನೆ ಖಾಲಿ.

ಡೌನ್‌ಲೋಡ್ ಮಾಡಿದ ಫೈಲನ್ನು ನೇರವಾಗಿ ಬರೆದರಾಯಿತು ಅಂದುಕೊಂಡಿದ್ದೆ. ಆ ಫೈಲ್ ಚಿಪ್ಪಿಗಿಂತ 2,048 ಬೈಟ್ ದೊಡ್ಡದಿತ್ತು. ಅದು ಮೇಲಿನ ಹೊದಿಕೆ, ಅಪ್‌ಡೇಟ್ ಪ್ರೋಗ್ರಾಮಿಗೆ ಮಾತ್ರ ಬೇಕಾದದ್ದು. ಕತ್ತರಿಸಿದ ಮೇಲೆ ಸರಿಯಾಗಿ 1,67,77,216 ಬೈಟ್ ಉಳಿಯಿತು. ಇನ್ನೊಂದು ವಿಷಯ, ನೆಟ್‌ವರ್ಕಿನಲ್ಲಿ ನನ್ನ ಬೋರ್ಡನ್ನು ಗುರುತಿಸುವ ನಂಬರ್, ಅಂದರೆ ಮ್ಯಾಕ್ ವಿಳಾಸವೂ ಅದೇ ಚಿಪ್ಪಿನಲ್ಲಿ ಇತ್ತು. ಅದು ಡೌನ್‌ಲೋಡ್ ಫೈಲಿನಲ್ಲಿ ಎಲ್ಲಿಂದ ಬರಬೇಕು? ಹಳೇ ಪ್ರತಿಯಿಂದ ಹುಡುಗ ಅದನ್ನು ತಂದು ಹೊಸದಕ್ಕೆ ಸೇರಿಸಿದ. ಕೆಟ್ಟ ಚಿಪ್ಪನ್ನೂ ಮೊದಲು ಓದಿ ಇಟ್ಟುಕೊಳ್ಳುವುದು ಯಾಕೆ ಎಂದು ಆಗ ಗೊತ್ತಾಯಿತು.

ಬರೆದು, ಮತ್ತೆ ಓದಿ, ತಾಳೆ ನೋಡಲು ಒಂದು ಕಾಫಿ ಕುಡಿಯುವಷ್ಟು ಹೊತ್ತು. ಕ್ಲಿಪ್ ತೆಗೆದು, ವೈರು ಸಿಕ್ಕಿಸಿ, ಬಟನ್ ಒತ್ತಿದ. ಫ್ಯಾನ್ ತಿರುಗಿತು. ಅರ್ಧ ನಿಮಿಷ ಕಪ್ಪು. ಆಮೇಲೆ ಪರದೆಯ ಮೇಲೆ ಅಕ್ಷರ ಬಂದವು. ದಿನಾಂಕ ಎಲ್ಲೋ ಹಿಂದಿನ ವರ್ಷದ ಜನವರಿ 1. ಅದನ್ನು ತಿದ್ದಿ ಮುಂದಕ್ಕೆ ಹೋದರೆ ವಿಂಡೋಸ್ ನೀಲಿ ಪರದೆ ತೋರಿಸಿ 48 ಅಂಕಿಗಳ ಬಿಟ್‌ಲಾಕರ್ ಕೀ ಕೇಳಿತು. ಡಿಸ್ಕಿನ ಬೀಗದ ಗುಟ್ಟು ಬಯೋಸ್‌ನ ಜೊತೆ ಕಟ್ಟಿಕೊಂಡಿರುತ್ತದೆ, ಚಿಪ್ ಹೊಸದಾಗಿ ಬರೆದಾಗ ಆ ಗಂಟು ಬಿಚ್ಚಿಹೋಗಿತ್ತು. ನನ್ನ ಪುಣ್ಯ, ಕೀ ನನ್ನ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿತ್ತು. ಫೋನಿನಲ್ಲಿ ನೋಡಿ ನಾನು ಓದಿದೆ, ಅವನು ಹಾಕಿದ. ಒಂದು ಕಡೆ 6 ಇದ್ದದ್ದನ್ನು 9 ಅಂದು ಮತ್ತೆ ಓದಬೇಕಾಯಿತು.

"ಈಗ ಬಯೋಸ್‌ನ ಹೊಸ ವರ್ಷನ್ನೇ ಬಂದಿದೆ ಸರ್. ಆ ಪ್ರೊಸೆಸರ್ ಕೊಡಿ, ಇಲ್ಲೇ ಕೂರಿಸಿಬಿಡೋಣ" ಅಂದ.

ಅದು ಮನೆಯಲ್ಲಿ ಮೇಜಿನ ಮೇಲೆ ಇತ್ತು. ಹೊರಗೆ ಮಳೆ ಸುರಿಯುತ್ತಿತ್ತು.