ಗಿಡ ನೆಡೋ ಮೊದಲು ಹೆಂಟೆ ಮುಳುಗಿಸಿ

ಕೋಲಾರ ಸೀಮೆಯಲ್ಲಿ ಎಷ್ಟೋ ಶಾಲೆಗಳಿಗೆ ಯಾರೂ ತಿರುಗಿ ನೋಡದ ಒಂದು ಹಿತ್ತಲಿರುತ್ತದೆ. ಮುರಿದ ಬೆಂಚು, ಬಿಸ್ಕತ್ತಿನ ಕವರ್, ಎದೆಯುದ್ದ ಬೆಳೆದ ಕಾಂಗ್ರೆಸ್ ಗಿಡ. ಜೂನ್ 5ರ ಪರಿಸರ ದಿನ ಬಂದರೆ ಅಲ್ಲೇ ನಾಲ್ಕು ಗುಂಡಿ ತೋಡಿ, ಸಸಿ ನೆಟ್ಟು, ಫೋಟೊ ತೆಗೆಸಿಕೊಳ್ಳುತ್ತೇವೆ. ಮುಂದಿನ ವರ್ಷ ಸಸಿ ಹೊಸದು, ಗುಂಡಿ ಮಾತ್ರ ಹಳೆಯದೇ.

ಶಾಲೆಗಳಲ್ಲಿ ಪರಿಸರ ಪಾಠ ಇರಲೇಬೇಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತ್ತು. ಪಾಠವೇನೋ ಬಂತು. ಆದರೆ ನಮ್ಮ ಹಿತ್ತಲ ಮಣ್ಣು ನೀರು ಕುಡಿಯುತ್ತಾ ಇಲ್ವಾ ಎಂದು ಮಕ್ಕಳು ನೋಡುವುದು ಕಡಿಮೆ. ನನ್ನ ಕೇಳಿದರೆ, ಹಾಳುಬಿದ್ದ ಜಾಗ ಸರಿಮಾಡುವ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಎರಡು ಗಾಜಿನ ಲೋಟ ನೀರು, ಎರಡು ಟೀ ಜರಡಿ ಸಾಕು. ಎಲ್ಲರೂ ತುಳಿದಾಡುವ ಬಯಲಿನಿಂದ ಒಂದು ಹೆಂಟೆ, ಹೊಂಗೆ ಮರದ ಬುಡದಿಂದ ಒಂದು ಹೆಂಟೆ ತನ್ನಿ. ಚೆನ್ನಾಗಿ ಒಣಗಿಸಿ, ಜರಡಿಯಲ್ಲಿಟ್ಟು ನೀರಿಗೆ ಇಳಿಸಿ. ಬಯಲಿನ ಹೆಂಟೆ ಬುಳಬುಳ ಗುಳ್ಳೆ ಬಿಡುತ್ತಾ ಕುಸಿದು, ನೀರೆಲ್ಲ ಕೆಂಪಾಗುತ್ತದೆ. ಹೊಂಗೆ ಬುಡದ್ದು ಸಾಮಾನ್ಯವಾಗಿ ಅಷ್ಟು ಬೇಗ ಕರಗುವುದಿಲ್ಲ. ಒಣ ಹೆಂಟೆಗೆ ನೀರು ನುಗ್ಗಿದಾಗ ಒಳಗಿನ ಗಾಳಿ ಸಿಕ್ಕಿಕೊಂಡು ಒತ್ತಡ ಹೆಚ್ಚಿ, ಹೆಂಟೆಯನ್ನೇ ಒಡೆಯುತ್ತದೆ. ಕೊಳೆತ ಎಲೆ, ಬೇರಿನ ಅಂಟು, ಶಿಲೀಂಧ್ರದ ಎಳೆಗಳು ಇರುವ ಮಣ್ಣು ಆ ಒತ್ತಡ ತಡೆದುಕೊಳ್ಳುತ್ತದೆ.

ಮಳೆ ಬಂದಾಗ ಬಯಲಲ್ಲಿ ಆಗುವುದೂ ಇದೇ. ಹನಿಗಳ ಹೊಡೆತಕ್ಕೆ ಹೆಂಟೆ ಒಡೆದು, ನುಣ್ಣನೆ ಮಣ್ಣು ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತದೆ. ಒಣಗಿದರೆ ಗಟ್ಟಿ ಪದರ. ಮುಂದಿನ ಮಳೆ ಇಂಗುವುದಿಲ್ಲ, ಮೇಲೇ ಹರಿದು ಚರಂಡಿ ಸೇರುತ್ತದೆ. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ, ವರ್ಷಕ್ಕೆ ಸುಮಾರು 700 ಮಿಲಿಮೀಟರ್ ಮಳೆ ಕಾಣುವ ಜಿಲ್ಲೆಗೆ ಇದು ಸಣ್ಣ ನಷ್ಟ ಅಲ್ಲ. 1 ಚದರ ಮೀಟರ್ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹಿತ್ತಲಿಗೆ ಎಷ್ಟಾಯಿತು? 70,000 ಲೀಟರ್. ಲೆಕ್ಕದ ಮೇಷ್ಟ್ರಿಗೂ ಕೆಲಸ ಸಿಕ್ಕಿತು, ಅಲ್ವಾ?

ಅದರಲ್ಲಿ ಎಷ್ಟು ಒಳಗೆ ಇಳಿಯಬಹುದು ಎಂದು ಅಂದಾಜು ಮಾಡಲು ಎರಡೂ ಕಡೆ ತೆರೆದ ಹಳೇ ಡಬ್ಬ ಬೇಕು. ಅದನ್ನು ಮಣ್ಣಿಗೆ ಸ್ವಲ್ಪ ಹೊಡೆದು, ಅಳೆದ ನೀರು ಸುರಿದು, ಗಡಿಯಾರ ನೋಡುತ್ತಾ ಕೂರುವುದು. ಬರೆದಿಟ್ಟುಕೊಂಡು, ಮತ್ತೆ ಮಳೆಗಾಲ ಮುಗಿದ ಮೇಲೆ ಅದೇ ಜಾಗದಲ್ಲಿ ಅಳೆಯುವುದು.

ಮದ್ದು ಬಹಳ ಅಗ್ಗ. ಬೆಳಿಗ್ಗೆ ಗುಡಿಸಿದ ಎಲೆಗೆ ಬೆಂಕಿ ಹಚ್ಚುವುದನ್ನು ನಿಲ್ಲಿಸಿ, ಅದನ್ನೇ ನೆಲಕ್ಕೆ ಹೊದಿಸುವುದು. ಗೆದ್ದಲು ಬರುತ್ತದೆ ಎಂದು ಯಾರಾದರೂ ಗೊಣಗುವುದು ಖಂಡಿತ. ಬರಲಿ ಬಿಡಿ, ಗೋಡೆ ಬಾಗಿಲಿಂದ ದೂರ ಇದ್ದರಾಯಿತು. ಒಣ ಸೀಮೆಯಲ್ಲಿ ಎರೆಹುಳುವಿನ ಕೆಲಸವನ್ನು ಬಹುಪಾಲು ಗೆದ್ದಲೇ ಮಾಡುತ್ತದೆ. ಅದು ಕೊರೆದ ದಾರಿಯಲ್ಲೇ ನೀರು ಕೆಳಗಿಳಿಯುತ್ತದೆ.

ಇನ್ನು ಕಾಂಗ್ರೆಸ್ ಗಿಡ. ಒಂದು ಗಿಡ 10,000ಕ್ಕೂ ಜಾಸ್ತಿ ಬೀಜ ಉದುರಿಸಬಲ್ಲದು, ಆದ್ದರಿಂದ ಹೂ ಬಿಡುವ ಮೊದಲೇ ಕೀಳಬೇಕು. ಬರಿಗೈಯಲ್ಲಿ ಮಕ್ಕಳಿಂದ ಕೀಳಿಸಬೇಡಿ. ಚರ್ಮಕ್ಕೆ ತುರಿಕೆ, ಕೆಲವರಿಗೆ ಉಬ್ಬಸ. ದೊಡ್ಡವರು ಗ್ಲೌಸ್ ಹಾಕಿಕೊಂಡು ಕೀಳಲಿ, ಮಕ್ಕಳು ಎಣಿಸಲಿ: ಹಳೇ ಸೈಕಲ್ ಟೈರ್ ಎಸೆದು, ಅದರೊಳಗೆ ಯಾವ ಗಿಡ ಎಷ್ಟು ಎಂದು. ಎಣಿಸುವಾಗ ಎಲೆ ಮೇಲೆ ಕೆನೆಬಣ್ಣದ, ಕಂದು ಗೆರೆಗಳ ಪುಟ್ಟ ಜೀರುಂಡೆ ಸಿಕ್ಕರೆ ಓಡಿಸಬೇಡಿ. ಈ ಗಿಡವನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದು, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿ ಅದು. ಮಳೆಗಾಲದಲ್ಲಿ ಎಲೆಗಳನ್ನು ಜಾಲರಿ ಮಾಡಿಬಿಡುತ್ತದೆ, ಮಳೆಗಾಲ ಮುಗಿದು ಒಣಗಿದರೆ ಮಣ್ಣಲ್ಲಿ ಅಡಗುತ್ತದೆ. ಗಿಡವನ್ನು ಪೂರ್ತಿ ಮುಗಿಸುವಷ್ಟು ಶಕ್ತಿ ಇಲ್ಲ.

ಖಾಲಿಯಾದ ಜಾಗ ಖಾಲಿ ಬಿಟ್ಟರೆ ಅದೇ ಗಿಡ ಮತ್ತೆ ಬರುತ್ತದೆ. ನಮ್ಮ ಕಡೆ ತಂಗಡಿ ಇದೆಯಲ್ಲ, ಹಳದಿ ಹೂವಿನದು, ಅದರ ಬೀಜ ಚೆಲ್ಲಬಹುದು. ಇಲ್ಲಿ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದಕ್ಕೆ ಮುಂಚೆ ಬಿತ್ತಿದರೆ ಬೇಸಿಗೆಯೊಳಗೆ ಬೇರು ಆಳಕ್ಕೆ ಹೋಗುತ್ತದೆ. ಏಪ್ರಿಲ್, ಮೇ ರಜೆಯಲ್ಲಿ ಬೀಗ ಹಾಕಿದ ಶಾಲೆಗೆ ನೀರು ಹಾಕಲು ಯಾರೂ ಬರುವುದಿಲ್ಲ. ತಂಗಡಿಗೆ ಅದರ ಚಿಂತೆ ಇಲ್ಲ, ಮೇಕೆಯೂ ಅದನ್ನು ಅಷ್ಟಾಗಿ ಮುಟ್ಟುವುದಿಲ್ಲ.