ಸ್ಪರ್ಧೆಯೇ ಇಲ್ಲದ ಐಕಿಡೋ ಕಲಿತು ಏನು ಪ್ರಯೋಜನ?

ಪ್ರಶ್ನೆ: ನನಗೆ 46 ವರ್ಷ. ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ ಇದೆ. ಮಗಳು ಶಿವಮೊಗ್ಗದಲ್ಲಿ ಕರಾಟೆ ಕಲಿಯುತ್ತಾಳೆ. ನನಗೆ ಜಪಾನಿನ ಇನ್ನೊಂದು ಸಮರಕಲೆ ಐಕಿಡೋ ಕಲಿಯುವ ಆಸೆ. ಆದರೆ ಅದರಲ್ಲಿ ಸ್ಪರ್ಧೆ ಇಲ್ಲ, ಹೊಡೆದು ಗೆಲ್ಲುವುದೂ ಇಲ್ಲವಂತೆ. ಹಾಗಾದರೆ ಕಲಿತು ಏನು ಸಿಗುತ್ತದೆ?

ಉತ್ತರ: ನಿಮಗೆ ಮೊದಲು ಸಿಗುವುದು ಸರಿಯಾಗಿ ಬೀಳುವ ವಿದ್ಯೆ. ಮಲೆನಾಡಿನವರಿಗೆ ಇದು ಸಣ್ಣ ವಿಷಯ ಅಲ್ಲ. ಆಷಾಢದ ಹೊತ್ತಿಗೆ ಅಂಗಳಕ್ಕೆಲ್ಲ ಪಾಚಿ ಹಿಡಿದಿರುತ್ತದೆ. ಅಡಿಕೆ ದಬ್ಬೆ ಹಾಸಿದರೂ ಜಾರುವವರು ಜಾರುತ್ತಾರೆ. ಜಾರಿದ ಕೂಡಲೇ ನಾವೆಲ್ಲ ಕೈ ಊರುತ್ತೇವೆ, ಅಲ್ವಾ? ಮೈಭಾರ ಪೂರ್ತಿ ಮಣಿಕಟ್ಟಿನ ಮೇಲೆ ಬಿದ್ದು ಮೂಳೆ ಮುರಿಯುವುದು ಹೀಗೇ.

ಐಕಿಡೋದಲ್ಲಿ ಬೀಳುವ ಅಭ್ಯಾಸಕ್ಕೆ ಉಕೆಮಿ ಎನ್ನುತ್ತಾರೆ. ಹಿಂದಕ್ಕೆ ಬೀಳುವಾಗ ಗದ್ದ ಎದೆಗೆ ಒತ್ತಬೇಕು. ಒಂದು ಕಾಲು ಮಡಚಿ, ಹಿಮ್ಮಡಿಯ ಹತ್ತಿರವೇ ಕೂತು, ಬೆನ್ನು ಗುಂಡಗೆ ಮಾಡಿ ಉರುಳಬೇಕು. ಕೈ ಹಿಂದಕ್ಕೆ ಹೋಗಲೇಬಾರದು. ಮೊದಲು ಕೂತಲ್ಲಿಂದ, ಆಮೇಲೆ ನಿಂತಲ್ಲಿಂದ. ತಿಂಗಳುಗಟ್ಟಲೆ ಮಾಡಿದರೆ ಮೈಗೆ ಹತ್ತುತ್ತದೆ. ಕಲ್ಲಿನ ಮೇಲೆ ಬಿದ್ದರೂ ಏಟಾಗಲ್ಲ ಅಂತ ಅಲ್ಲ. ತಲೆ, ಮಣಿಕಟ್ಟು ಉಳಿಯುವ ಸಾಧ್ಯತೆ ಜಾಸ್ತಿ.

ಇನ್ನು ಸ್ಪರ್ಧೆಯ ಮಾತು. ಐಕಿಡೋ ಕಟ್ಟಿದವರು ಜಪಾನಿನ ಮೊರಿಹೇ ಉಯೇಷಿಬಾ (1883–1969). ರಷ್ಯಾ–ಜಪಾನ್ ಯುದ್ಧದಲ್ಲಿ ಸೈನಿಕರಾಗಿದ್ದವರು. 1915ರಲ್ಲಿ ಹೊಕ್ಕೈಡೋದಲ್ಲಿ ತಕೇಡಾ ಸೊಕಾಕು ಎಂಬ ಗುರುಗಳ ಪರಿಚಯವಾಗಿ, ದಾಯ್ತೋ-ರ್ಯು ಎಂಬ ಸಮರಕಲೆಯ ಕೀಲು ತಿರುಚುವ ಪಟ್ಟುಗಳನ್ನು ಅವರಿಂದ ಕಲಿತರು. ಆಮೇಲೆ ಒಮೊಟೊ ಎಂಬ ಧಾರ್ಮಿಕ ಪಂಥದ ಪ್ರಭಾವಕ್ಕೆ ಬಂದರು. ದಾಳಿ ನಿಲ್ಲಬೇಕು, ದಾಳಿ ಮಾಡಿದವನೂ ಉಳಿಯಬೇಕು ಎನ್ನುವ ಕಡೆಗೆ ತಮ್ಮ ವಿದ್ಯೆಯನ್ನು ತಿರುಗಿಸಿದರು. ಕೀಲಿನ ಪಟ್ಟುಗಳು ಇವತ್ತಿಗೂ ಇವೆ. ಗೆಲ್ಲುವ ಹಟಕ್ಕೆ ಅವನ್ನು ಜೋರಾಗಿ ಹಾಕಿದರೆ ಜೊತೆಗಾರನ ಕೈ ಹೋಗುತ್ತದೆ. ಉಯೇಷಿಬಾ ಅವರ ಶಿಷ್ಯ ಕೆಂಜಿ ತೊಮಿಕಿ ಕಟ್ಟಿದ ಶಾಖೆಯಲ್ಲಿ ಸ್ಪರ್ಧೆ ಇದೆ. ಉಯೇಷಿಬಾ ಮನೆತನದವರು ನಡೆಸುವ ಮುಖ್ಯ ಶಾಖೆಯಲ್ಲಿ ಇಲ್ಲ. ನಮ್ಮ ಜಾತ್ರೆ ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ಚಿತ್, ಅಲ್ಲಿಗೆ ಮುಗಿಯಿತು. ಇಲ್ಲಿ ಬೆನ್ನು ನೆಲಕ್ಕೆ ತಾಗುವುದೇ ಅರ್ಧ ಪಾಠ. ಇಬ್ಬರೂ ಸರದಿಯಂತೆ ಬೀಳಿಸುತ್ತಾರೆ, ಸರದಿಯಂತೆ ಬೀಳುತ್ತಾರೆ.

ಇದರ ತತ್ವವನ್ನು ಮನೆಯಲ್ಲೇ ಮಾಡಿ ನೋಡಬಹುದು. ಮಗಳಿಗೆ ನಿಮ್ಮ ಮಣಿಕಟ್ಟು ಗಟ್ಟಿಯಾಗಿ ಹಿಡಿಯಲು ಹೇಳಿ. ಎಳೆದರೆ ಹಿಡಿತ ಇನ್ನೂ ಬಿಗಿಯಾಗುತ್ತದೆ. ಅವಳು ಹಿಡಿದ ನಿಮ್ಮ ಕೈಯನ್ನು ಇದ್ದಲ್ಲೇ ಇಟ್ಟು, ಅವಳ ಪಕ್ಕಕ್ಕೆ ಹೆಜ್ಜೆ ಇಟ್ಟು ತಿರುಗಿ. ಅವಳು ನೋಡುವ ಕಡೆಗೇ ನೀವೂ ಮುಖ ಮಾಡಿ ನಿಲ್ಲಿ. ಅವಳಿಗೆ ಒತ್ತಲು ಎದುರಿಗೆ ಯಾರೂ ಇಲ್ಲ! ಇದು ತೆಂಕಾನ್. ಕೇಳಲು ಸುಲಭ. ಆದರೆ ಯಾರಾದರೂ ಹಿಡಿದ ತಕ್ಷಣ ಭುಜ ಬಿಗಿಯುತ್ತೇವಲ್ಲ, ಆ ಅಭ್ಯಾಸ ಬಿಡಲು ವರ್ಷಗಳೇ ಬೇಕು. ನನ್ನ ಲೆಕ್ಕದಲ್ಲಿ ದೊಡ್ಡ ಲಾಭ ಅದೇ.

ಆತ್ಮರಕ್ಷಣೆ? ಆರು ತಿಂಗಳಲ್ಲಿ ಬರುತ್ತದೆ ಎಂದವರನ್ನು ನಂಬಬೇಡಿ. ಕತ್ತಿ ಹಿಡಿದು ಬಂದವನಿಂದ ಓಡಿಹೋಗುವುದೇ ಸರಿ.

46 ವಯಸ್ಸು ಅಡ್ಡಿಯಲ್ಲ. ಮಂಡಿ ನೋವಿದ್ದರೆ ಮೊದಲೇ ಹೇಳಿ. ಮಂಡಿಯೂರಿ ಮಾಡುವ ಪಾಠಗಳನ್ನು ಬಿಡಬಹುದು. ಕುತ್ತಿಗೆ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಸೇರಿ. ಸೇರುವ ಮುಂಚೆ ಸುಮ್ನೆ ಕೂತು ಒಂದು ಕ್ಲಾಸ್ ನೋಡಿ. ಮ್ಯಾಟ್ ಹಾಸಿದ್ದಾರಾ? ಹೊಸಬರಿಗೆ ಮೊದಲು ಬೀಳುವುದನ್ನು ಕಲಿಸುತ್ತಾರಾ? ನೋವಾಗಿ ಮ್ಯಾಟ್ ತಟ್ಟಿದ ಕೂಡಲೇ ಪಟ್ಟು ಸಡಿಲಿಸುತ್ತಾರಾ? ಇಲ್ಲವೆಂದರೆ ಬೇರೆ ಗುರುಗಳನ್ನು ಹುಡುಕಿ.